ಸೊಟ್ಟ ಜಡೆ

ವಸಂತಾಳ ಬಲಭುಜದ ನೋವು ವಾಸಿಯಾಗಿ ಆಗಲೇ ಎರಡು ವಾರವಾಗಿತ್ತು. ತೊಂದರೆಗೆಲ್ಲ ಕಾರಣ ಅದೇ.

ಭುಜ ಹಿಡಿದುಕೊಂಡಾಗಿನಿಂದ ಗಂಡ ದೇವೇಂದ್ರ ರೈಲ್ವೆ ಆಫೀಸಿಗೆ ಹೊರಡುವ ಮುಂಚೆ ದಿನಾ ಅವಳ ಜಡೆ ಹೆಣೆಯುತ್ತಿದ್ದ. ಮದುವೆಯಾದಂದಿನಿಂದ ಹೆಂಡತಿಯ ತಲೆ ಮುಟ್ಟದವನು. ಜಡೆ ಆ ಬಂಗಾಳಿ ಊರಿನ ಬೆಹಾಲಾದ ಟ್ರಾಮಿನ ಹಾಗೆ ಅಲ್ಲಲ್ಲಿ ನಿಂತು, ವಾಲಿ, ಹೇಗೋ ತುದಿ ಮುಟ್ಟುತ್ತಿತ್ತು. ಹೆಣೆಯುತ್ತ ಅವನು ಆಫೀಸಿನ ಮಾತು, ಬಿಟ್ಟುಬಂದ ಧಾರವಾಡದ ಮಾತು ಹೇಳುತ್ತಿದ್ದ. ಪೇಪರ್ ಹಿಡಿದು ಕೂತಾಗ ಎಂದೂ ಬಾರದ ಮಾತುಗಳು. ಭುಜ ನೆಟ್ಟಗಾಗಿದೆ ಎಂದು ಹೇಳಲು ಅವಳಿಗೆ ಮನಸ್ಸೇ ಬರಲಿಲ್ಲ.

"ಇನ್ನೂ ಆರಾಮ ಆಗವಲ್ದಲ್ಲ," ಎಂದು ಚಿಂತೆಗೆ ಬಿದ್ದ ದೇವೇಂದ್ರನೇ ಭಾನುವಾರ ಫಿಜಿಯೋಥೆರಪಿಸ್ಟನನ್ನು ಮನೆಗೆ ಕರೆಸಿದ. ಸಾಲ್ಟ್ ಲೇಕಿನ ಕಂಪ್ಯೂಟರ್ ಕಂಪನಿಗಳವರ ಕುತ್ತಿಗೆ ನೋವಿನಿಂದಾಗಿ ಪುರುಸೊತ್ತೇ ಇಲ್ಲದ ಯುವಕ. ಅವನ ಹಿಂದೆಯೇ ಮೇಲಿನ ಮನೆಯ ಬಂಗಾಳಿ ಮುದುಕಿ ಮಾಸಿಮಾ ಸಾಸಿವೆ ಎಣ್ಣೆಯ ಬಟ್ಟಲು ಹಿಡಿದು ಬಂದರು.

ಯುವಕ ಕೋನ ಅಳೆಯುವ ಪಟ್ಟಿಯನ್ನು ಭುಜಕ್ಕಿಟ್ಟು ಕೈ ಎತ್ತಲು ಹೇಳಿದ. ವಸಂತಾ ಎದೆಮಟ್ಟಕ್ಕೆ ಎತ್ತಿ ನರಳಿದಳು. ಅವನು ಇನ್ನೊಮ್ಮೆ ಎತ್ತಿಸಿದ. ಈ ಸಲ ಕೈ ಇನ್ನೂ ಕೆಳಗಿರುವಾಗಲೇ ನರಳಿದಳು. ಅವನ ಹುಬ್ಬು ಗಂಟಾಯಿತು.

"ಅವಸರ ಮಾಡಬ್ಯಾಡ, ಹಗೂರಕ ಎತ್ತು," ಅಂದ ದೇವೇಂದ್ರ. ಆ ದನಿಗೆ ಅವಳ ಕಣ್ಣು ನಿಜವಾಗಿಯೇ ತುಂಬಿತು.

ಮಾಸಿಮಾಗೆ ತಡೆಯಲಾಗಲಿಲ್ಲ. ಕೈ ಎತ್ತುವುದೆಂದರೆ ಹೀಗೆ ಎಂದು ತಾವೇ ತೋಳು ಬೀಸಿ ತೋರಿಸಿದರು. ಅವರ ಬಳೆ ಗೋಡೆಯಲ್ಲಿದ್ದ ಅತ್ತೆಯ ಫೋಟೋದ ಹಾರಕ್ಕೆ ಸಿಕ್ಕಿ, ಫೋಟೋ ಮೊಳೆ ಬಿಟ್ಟು ಜಾರಿತು. ವಸಂತಾ ಚಂಗನೆದ್ದು, ಎರಡೂ ಕೈ ತಲೆಯ ಮೇಲಕ್ಕೆತ್ತಿ ಅದನ್ನು ಹಿಡಿದುಕೊಂಡಳು.

ಬದುಕಿದ್ದಾಗಲೂ ಅತ್ತೆ ಅವಳ ಒಂದು ಸುಳ್ಳನ್ನೂ ಉಳಿಯಗೊಟ್ಟಿರಲಿಲ್ಲ.

ಮಾಸಿಮಾ ಕಾಳಿಘಾಟಿನ ದಿಕ್ಕಿಗೆ ಕೈ ಮುಗಿದರು. ದೇವೇಂದ್ರನ ಮುಖ ಅರಳಿತು. ಯುವಕ ಮಾತ್ರ ಅವಳನ್ನೇ ಒಂದು ಕ್ಷಣ ನೋಡಿ ಪಟ್ಟಿಯನ್ನು ಚೀಲಕ್ಕೆ ಸೇರಿಸಿದ. ಆಮೇಲೆ, ಚಿಕಿತ್ಸೆ ಆಯಾ ರೋಗಿಯ ದಿನಚರಿಗೆ ಹೊಂದಬೇಕೆಂದು ವಿವರಿಸಿ, ಇವರಿಗೆ ಯಾವ ಕೆಲಸ ಹೆಚ್ಚು ಕಷ್ಟವಾಗಿದೆ ಎಂದು ಕೇಳಿದ.

ವಸಂತಾ ಬಾಯಿ ತೆರೆಯುವ ಮೊದಲೇ ದೇವೇಂದ್ರ ಜಡೆಯ ಕತೆ ಹೇಳಿಬಿಟ್ಟ. ಚಿಕಿತ್ಸೆಯೂ ಅದೇ ಆಯಿತು: ದಿನಾ ಬೆಳಿಗ್ಗೆ ತನ್ನ ತಲೆ ತಾನೇ ಬಾಚಿ ಹೆಣೆದುಕೊಳ್ಳಬೇಕು. ಬೇರೆ ಯಾರೂ ಕೈ ಹಾಕಕೂಡದು.

ಸೋಮವಾರ ದೇವೇಂದ್ರ ಬಾಚಣಿಗೆಯನ್ನು ಅವಳ ಕೈಗಿತ್ತ. "ನಾ ಕಲಿಯೂದ್ರಾಗ ನಿನಗ ಆರಾಮ ಆತು ನೋಡು," ಅಂದು, ಸ್ವಲ್ಪ ಹೊತ್ತು ಅವಳ ಬೆನ್ನ ಹಿಂದೆಯೇ ನಿಂತಿದ್ದು, ಹೋಗಿ ಪೇಪರ್ ಬಿಡಿಸಿದ.

ಜಡೆ ಎಲ್ಲೂ ವಾಲದೆ ನೆಟ್ಟಗೆ ಬಂತು. ಅತ್ತದ್ದು ಗೊತ್ತಾದರೆ ಮಾಸಿಮಾ ಮತ್ತೆ ಎಣ್ಣೆ ತಂದಾರು ಎಂದು ವಸಂತಾ ಕಣ್ಣೊರೆಸಿಕೊಂಡಳು.