ನನ್ನನ್ನು ಹನ್ನೊಂದು ಸಲ ಮಾರಿದ ಅತ್ತೆ

ನಮ್ಮತ್ತೆ ನನ್ನನ್ನು ಏನಿಲ್ಲವೆಂದರೂ ಹನ್ನೊಂದು ಸಲ ಮಾರಿದ್ದಾಳೆ. ಎರಡು ಸಲ ಮುಂಬಯಿಗೆ, ಒಂದು ಸಲ ದುಬೈಗೆ, ಉಳಿದದ್ದೆಲ್ಲ ಗೋವಾಕ್ಕೆ. ಪೊಲೀಸರಿಗೆ ಹೇಳಲು ಹೊರಟುಬಿಡಬೇಡಿ ಮತ್ತೆ! ಅವರಿಗೂ ವಿಷಯ ಗೊತ್ತು. ಒಮ್ಮೆ ವಿಳಾಸ ಕೇಳಲು ಬಂದ ಹೆಡ್ ಕಾನ್‌ಸ್ಟೇಬಲ್ ಒಬ್ಬರನ್ನು ಜಗುಲಿಯ ಮೇಲೆ ಕೂರಿಸಿ ಹತ್ತು ನಿಮಿಷದಲ್ಲಿ ಮಾರಿದ್ದಳು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಸಿದ್ದಾಪುರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಲೆಕ್ಚರರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪಿಯುಸಿ ಓದಲೆಂದು ಯಲ್ಲಾಪುರದ ಹತ್ತಿರದ ಉಮ್ಮಚಗಿಯಿಂದ ಅವಳ ಮನೆಗೆ ಬಂದು ಬಿದ್ದೆ. ಯಲ್ಲಾಪುರದಲ್ಲೇ ಕಾಲೇಜಿರುವಾಗ ಅಷ್ಟು ದೂರ ಎಂತಕ್ಕೆ ಎಂದು ಅಮ್ಮ ಕೇಳಿದರೆ, "ತಂಗಿ ಹತ್ರ ಇದ್ರೆ ಕೂಸು ಮಾತಾಡಲೆ ಕಲಿತ್ತು" ಎಂದಿದ್ದ ಅಪ್ಪ. ಕಲಿತೆ, ಸುಳ್ಳೇಕೆ ಹೇಳಲಿ? ಆದರೆ ಬಹುಪಾಲು ಹಸಿದ ಹೊಟ್ಟೆಯಲ್ಲೇ ಕಲಿತೆ.

ಕಾರಣ, ಶಿರಸಿಯಲ್ಲಿ ನಡೆಯುವ ವಿಶ್ವಸಂಸ್ಥೆಯ ಅಣಕು ಅಧಿವೇಶನ. ವರ್ಷಕ್ಕೊಮ್ಮೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳ ಕಾಲೇಜು ಮಕ್ಕಳು ಅಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರು ಒಂದೊಂದು ದೇಶದ ಪ್ರತಿನಿಧಿ. ಎದುರಿಗೆ ದೇಶದ ಹೆಸರು ಬರೆದ ರಟ್ಟು. ಬಾಲ್ಯವಿವಾಹ, ವರದಕ್ಷಿಣೆ, ಮಾನವ ಕಳ್ಳಸಾಗಣೆ ಎಂದು ಜಗತ್ತಿನ ಕಷ್ಟಗಳನ್ನೆಲ್ಲ ಊಟದ ವಿರಾಮದೊಳಗೆ ಬಗೆಹರಿಸಬೇಕು. ನಮ್ಮ ಕಾಲೇಜಿನ ಮಕ್ಕಳನ್ನು ತಯಾರು ಮಾಡುವ ಕೆಲಸ ಅತ್ತೆಯದು.

ಮೊದಲ ವರ್ಷ ನಮ್ಮ ಮರ್ಯಾದೆ ಹೋದದ್ದು ತಾಳಮದ್ದಲೆಯಿಂದ. ನಮ್ಮ ಕಡೆ ವಾದ ಎಂದರೆ ತಾಳಮದ್ದಲೆಯೇ ತಾನೇ? ವೇಷವಿಲ್ಲದೆ ಕೂತು ಕೃಷ್ಣನಾಗಿ, ಕೌರವನಾಗಿ ಗಂಟೆಗಟ್ಟಲೆ ವಾದಿಸುವುದನ್ನು ಕೇಳುತ್ತಲೇ ಬೆಳೆದವರು ನಾವು. ಕಳ್ಳಸಾಗಣೆಯ ಮೇಲೆ ಮಾತಾಡಲು ನಮ್ಮ ಹುಡುಗನಿಗೆ ಸಿಕ್ಕಿದ್ದು ಮೂರು ನಿಮಿಷ, ಅವನ ದೇಶ ನಾರ್ವೆ. ಎದ್ದವನೇ ಶಾಲು ಸರಿಮಾಡಿಕೊಂಡು, "ಎಲೈ ಸಭಾಸದರೇ, ಉತ್ತರ ದಿಕ್ಕಿನ ಹಿಮದ ನಾಡಿನಲ್ಲಿ ಜನಿಸಿದಂಥ ನಾನು ಈ ಸಭೆಗೆ ಬಂದ ಕಾರಣವಾದರೂ ಏನು?" ಎಂದು ಪೀಠಿಕೆ ಹಾಕಿದ. ಕಾರಣ ಹೇಳುವ ಮೊದಲೇ ಗಂಟೆ ಹೊಡೆಯಿತು! ಪಕ್ಕದ ಬ್ರೆಜಿಲ್ ಯಲ್ಲಾಪುರದ್ದು. ಅವನಿಗೂ ರಕ್ತ ಬಿಸಿಯಾಗಿ, "ಭಲಾ ನಾರ್ವೆ!" ಎಂದು ಎದ್ದು ನಿಂತ.

ಬಸ್ಸಿನಲ್ಲಿ ಅತ್ತೆ ಕೆಂಡಾಮಂಡಲ. "ನಿನ್ನ ಪೀಠಿಕೆ ಮುಗಿಯೋ ಹೊತ್ತಿಗೆ ಮಾರಾಟಕ್ಕೆ ಹೋದ ಹುಡುಗಿ ಮುಂಬಯಿ ಮುಟ್ಟಿ ಆಗಿತ್ತಲ್ಲೋ ಮಾರಾಯಾ! ಇನ್ಮೇಲೆ ಭಾಷಣ ಬಂದ್. ಪ್ರಶ್ನೆ ಕೇಳೋದು ಕಲೀರಿ."

ಅಂದಿನಿಂದ ಶುರುವಾಯಿತು ನೋಡಿ ಅವಳ ಹೊಸ ಪದ್ಧತಿ. ತಾನೇ ಕೆಲಸದ ಆಸೆ ಹುಟ್ಟಿಸಿ ಮಾರುವ ಏಜೆಂಟ್. ಮಕ್ಕಳು ಒಬ್ಬೊಬ್ಬರಾಗಿ ನಮ್ಮ ಜಗುಲಿಗೆ ಬಂದು ಅವಳ ಬಲೆಗೆ ಬೀಳಬೇಕು, ಪ್ರಶ್ನೆ ಕೇಳಿ ಕೇಳಿ ಪಾರಾಗಬೇಕು. ಅವಳಿಗೆ ಉತ್ತರ ತೋಚದೇ ಹೋದರೆ ಮಕ್ಕಳು ಗೆದ್ದಂತೆ. ಅಲ್ಲಿಯವರೆಗೆ ಯಾರಿಗೂ ಊಟವಿಲ್ಲ! ನಾನು ಕಪ್ಪು ಕನ್ನಡಕ ಹಾಕಿಕೋ ಎಂದು ಸಲಹೆ ಕೊಟ್ಟೆ. "ಹುಚ್ಚು ಕೂಸೇ, ಅಂಥವ್ರು ಮೀಸೆ ತಿರುವಿಕಂಡು ಬತ್ವಿಲ್ಲೆ. ಬಿಸ್ಕತ್ ಪೊಟ್ಟಣ ಹಿಡ್ಕಂಡು ಬತ್ತ" ಎಂದಳು. ಹಾಗೇ ಬಿಸ್ಕತ್ತು ಹಿಡಿದು ಬಂದು, ಅಮ್ಮ ಹೇಗಿದ್ದಾಳೆ, ಎಮ್ಮೆ ಕರು ಹಾಕಿತಾ ಎಂದು ವಿಚಾರಿಸಿ, ಆಮೇಲೆ ಮೆಲ್ಲಗೆ ಕೆಲಸದ ಸುದ್ದಿ ತೆಗೆಯುತ್ತಿದ್ದಳು. ಎಷ್ಟು ಸವಿಯಾಗಿ ಗೊತ್ತೇ? ಒಳಗಿನಿಂದ ಕೇಳಿಸಿಕೊಂಡ ನಮ್ಮ ಮಾವ, ಅವಳ ಗಂಡ, ಒಂದು ದಿನ ತಾನೇ ಹೊರಟವನಂತೆ ಚೀಲ ಹಿಡಿದು ಹೊರಗೆ ಬಂದ. "ಆನೇ ಹೋಗ್ತೆ ಮಾರಾಯ್ತಿ. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಇದ್ದಡ!"

ಮಕ್ಕಳಿಗೆ ಪ್ರಶ್ನೆಯ ಚಟ ಹತ್ತಿತು. ಕುಕ್ಕರ್ ಮಾರುವ ಪಾಪದವನೊಬ್ಬ ಜಗುಲಿ ಹತ್ತಿದ್ದೇ ತಡ, ಆರು ಜನ ಮುತ್ತಿಕೊಂಡರು. ಕಂಪನಿ ಎಲ್ಲಿ? ನಿನ್ನನ್ನು ಕಳಿಸಿದವರು ಯಾರು? ನಿನ್ನ ಗುರುತು ಹೇಳುವವರು ಊರಲ್ಲಿ ಯಾರಿದ್ದಾರೆ? ಅವನು ಬೆವರಿ ಓಡಿದ. ಆದರೆ ಒಳ್ಳೆಯ ಮನುಷ್ಯ. ಮರುದಿನ ರೇಷನ್ ಕಾರ್ಡು ಹಿಡಿದುಕೊಂಡೇ ಬಂದ. ಅತ್ತೆ ಒಂದು ಕುಕ್ಕರ್ ತೆಗೆದುಕೊಂಡಳು.

ಇಷ್ಟಾದರೂ ಅತ್ತೆಯನ್ನು ಸೋಲಿಸಿದವರು ಒಬ್ಬರೂ ಇರಲಿಲ್ಲ. ವಿಳಾಸ ಕೇಳಿದರೆ ವಿಳಾಸ, ಫೋನ್ ನಂಬರ್ ಕೇಳಿದರೆ ನಂಬರ್, ಎಲ್ಲಕ್ಕೂ ತಯಾರು. ಕೊನೆಗೆ ಮಾವನೇ ಸೋಲು ಒಪ್ಪಿಕೊಂಡು ಎಲ್ಲರಿಗೂ ಅವಲಕ್ಕಿ ಕಲಸುತ್ತಿದ್ದ.

ನನ್ನ ಎರಡನೇ ವರ್ಷದಲ್ಲಿ ಕಾಲೇಜಿಗೆ ಒಬ್ಬ ಹುಡುಗಿ ಬಂದಳು. ಅವಳಪ್ಪ ಬನವಾಸಿ ಕಡೆಯವರು, ಗಾರೆ ಕೆಲಸ ಹುಡುಕಿ ಸಿದ್ದಾಪುರದಲ್ಲಿ ಬಾಡಿಗೆ ಮನೆ ಮಾಡಿದ್ದರು. ಹುಡುಗಿ ಹಾಜರಿ ಕರೆದಾಗ ಬಿಟ್ಟರೆ ಬಾಯಿ ತೆರೆದವಳಲ್ಲ. ಒಂದು ದಿನ ಅತ್ತೆಯ ಎದುರು ಅಳುತ್ತಾ ನಿಂತಳು. ಯಾರೋ ಪರಿಚಯದವನು ಬಂದಿದ್ದನಂತೆ. ದೂರದ ಪಟ್ಟಣದಲ್ಲಿ ದೊಡ್ಡವರ ಮನೆ ಕೆಲಸ, ಓದೂ ಮುಂದುವರಿಸುತ್ತಾರೆ ಎಂದನಂತೆ. ಪರೀಕ್ಷೆ ಮುಗಿದ ಕೂಡಲೇ ಕಳಿಸುವುದಾಗಿ ಅಪ್ಪ ಮಾತು ಕೊಟ್ಟಾಗಿದೆ.

ಅತ್ತೆ ಅಂದೇ ಅವರ ಮನೆಗೆ ಹೋದಳು, ಬಾಲದಂತೆ ನಾನೂ. ಒಂದು ಗಂಟೆ ಮಾತಾಡಿದಳು. ಅವಳಪ್ಪ ಚಹಾ ಕೊಟ್ಟು, ಕೈಮುಗಿದು ಹೇಳಿದರು: "ಮೇಡಮ್ಮಾರ, ಭಾಳ ಛಲೋ ಮಾತಾಡ್ತೀರಿ. ಆದ್ರ ಅಂವ ನಮ್ಮ ಪರಿಚಯದಂವ ರೀ. ಮಗಳ ಛಲೋದಕ್ಕ ಮಾಡಾಕತ್ತೀನಿ, ಕೆಟ್ಟದಕ್ಕಲ್ಲ." ನಿಜಕ್ಕೂ ಅವರು ಕೆಟ್ಟವರಲ್ಲ. ಅದೇ ಕಷ್ಟವಾಗಿತ್ತು. ದಾರಿಯಲ್ಲಿ ಅತ್ತೆ ಒಂದು ಬಿಸ್ಕತ್ ಪೊಟ್ಟಣ ಕೊಂಡಳು.

ಮರುದಿನ ಆ ಹುಡುಗಿಯ ಹೆಸರು ಅಧಿವೇಶನದ ತಂಡದಲ್ಲಿತ್ತು. ನಾವೆಲ್ಲ ಹಣೆ ಚಚ್ಚಿಕೊಂಡೆವು. ಮಾತೇ ಆಡದವಳನ್ನು ಕರೆದುಕೊಂಡು ಹೋಗಿ ಮಾಡುವುದೇನು? ಅತ್ತೆ ಕೇಳಿದರೆ ತಾನೇ! ಶಿರಸಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಕಾಲೇಜು ಹಾಲ್‌ನಲ್ಲೇ ರಿಹರ್ಸಲ್ ಇಟ್ಟು, ಎಲ್ಲ ಮಕ್ಕಳ ತಂದೆ ತಾಯಂದಿರಿಗೂ ಹೇಳಿ ಕಳಿಸಿದಳು. ಗಾರೆ ಕೆಲಸದ ಅಪ್ಪ ಸುಣ್ಣ ಮೆತ್ತಿದ ಅಂಗಿಯಲ್ಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಅತ್ತೆ ಬಿಸ್ಕತ್ ಪೊಟ್ಟಣ ಹಿಡಿದು ವೇದಿಕೆ ಹತ್ತಿದಳು. ಎದುರಿಗೆ ಆ ಹುಡುಗಿ. ಅಪ್ಪನ ಆರೋಗ್ಯ ವಿಚಾರಿಸಿದಳು, ಕೆಲಸದ ವಿಷಯ ತೆಗೆದಳು. "ದೊಡ್ಡ ಮನೆ, ಒಳ್ಳೇ ಜನ. ನಿನ್ನನ್ನ ಸ್ವಂತ ಮಗಳ ಹಾಗೆ ನೋಡ್ಕೊಳ್ತಾರೆ ತಂಗೀ." ಹುಡುಗಿ ತಲೆ ತಗ್ಗಿಸಿ ನಿಂತಳು. "ವಿಳಾಸ ಕೇಳೇ! ಫೋನ್ ನಂಬರ್!" ಎಂದು ನಾವು ಪಿಸುಗುಟ್ಟಿದೆವು. ಅವಳು ಕೇಳಿದಳು, ಅತ್ತೆ ಥಟ್ಟನೆ ಎರಡೂ ಹೇಳಿದಳು. ಮುಗಿಯಿತು ಇವಳ ಕತೆ ಎಂದುಕೊಂಡೆ ನಾನು.

ಆಗ ಹುಡುಗಿ ತಲೆಯೆತ್ತಿದಳು. "ಅಲ್ರೀ, ಒಂದಿನ ನನಗ ಮನೀಗೆ ಬರಬೇಕು ಅನ್ನಿಸ್ತು ಅಂದ್ರ, ನಾ ಯಾರನ್ನ ಕೇಳಬೇಕ್ರಿ?"

ಅತ್ತೆ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ನಟನೆಯಲ್ಲ, ಖಂಡಿತ ಅಲ್ಲ! ಹಿಡಿದಿದ್ದ ಪೊಟ್ಟಣವನ್ನು ಕೆಳಗಿಟ್ಟುಬಿಟ್ಟಳು. ಅಷ್ಟರಲ್ಲಿ ಹಿಂದಿನ ಬೆಂಚು ಕಿರುಗುಟ್ಟಿತು. ಅವಳಪ್ಪ ಎದ್ದು ನಿಂತಿದ್ದರು. ಇದು ಆಟವೆಂಬುದೇ ಅವರಿಗೆ ಮರೆತುಹೋದಂತಿತ್ತು.

"ಯಾರನ್ನೂ ಕೇಳೂದು ಬ್ಯಾಡವ್ವಾ," ಎಂದರು. "ನೀ ಹೋಗೂದೇ ಇಲ್ಲ."

ಮರುದಿನ ಶಿರಸಿಯಲ್ಲಿ ನಮಗೆ ಯಾವ ಬಹುಮಾನವೂ ಬರಲಿಲ್ಲ. ಅತ್ತೆಗೆ ಅದರ ಪರಿವೆಯೇ ಇಲ್ಲ! ಆ ಹುಡುಗಿಯ ಕೈ ಹಿಡಿದುಕೊಂಡು ತೀರ್ಪುಗಾರರು, ಊಟ ಬಡಿಸಿದವರು, ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವಳು, ಎಲ್ಲರನ್ನೂ ನಿಲ್ಲಿಸಿ ನಿಲ್ಲಿಸಿ ಹೇಳಿದಳು: "ನೋಡಿ, ನನ್ನ ಸೋಲಿಸಿದ ಕೂಸು ಇದು!" ಹೇಳಿದಾಗೆಲ್ಲ ಅವಳ ಕಣ್ಣು ತುಂಬುತ್ತಿತ್ತು. ನನ್ನದೂ ತುಂಬಿತು, ಯಾಕೆ ಮುಚ್ಚಿಡಲಿ? ಅಂಥ ಅತ್ತೆ ಯಾರಿಗುಂಟು!

ಸಿದ್ದಾಪುರದ ಬಸ್ಸು ಬಂದು ನಿಂತಿತು. ಅತ್ತೆ ಇನ್ನೂ ಯಾರನ್ನೋ ಹಿಡಿದು ನಿಲ್ಲಿಸಿದ್ದಳು. ಹುಡುಗಿ ಮೆಲ್ಲಗೆ ಅವಳ ಸೆರಗು ಜಗ್ಗಿದಳು.

"ಮೇಡಂ, ನಡೀರಿ. ಅಪ್ಪ ದಾರಿ ಕಾಯ್ತಿರ್ತಾನ."