ಬಾಗಿಲಿಗೆ ಬಿದ್ದ ಕಣ್ಣು

ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯ ಮೆಹಬೂಬ್ ಪಾಷಾ ಕ್ಯಾಮೆರಾ ಕೊಡುವಾಗಲೇ ಎಚ್ಚರಿಸಿದ್ದ. “ಮಗಾ, ಕಣ್ಣಿಟ್ಟು ನೋಡೋ ಜಾಗದಲ್ಲಿ ಈ ರಬ್ಬರ್ ಇದೆಯಲ್ಲ, ಐಕಪ್ಪು, ಲೂಸಾಗಿದೆ. ಬೀಳಿಸ್ಬೇಡ. ಅದಿಲ್ದಿದ್ರೆ ಬಿಸಿಲಲ್ಲಿ ನಂಗೇನೂ ಕಾಣಲ್ಲ. ನಾಳೆ ಬಾಗಲಗುಂಟೇಲಿ ಮದುವೆ ಇದೆ, ಇವತ್ತು ಸಂಜೆಗೆ ವಾಪಸ್ ಬೇಕು.”

ವೇಣುಗೋಪಾಲ ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುವ ಮನುಷ್ಯ. ಅಟ್ಟೂರಿನ ಮಹಡಿ ಮನೆಯನ್ನು ಬಾಡಿಗೆಗೆ ಹಿಡಿಯುವಾಗ ಓನರ್ ಯಲ್ಲಮ್ಮ ಹಾಕಿದ ಷರತ್ತುಗಳಿಗೂ ಹೀಗೆಯೇ ತಲೆಯಾಡಿಸಿದ್ದ. ಗೋಡೆಗೆ ಮೊಳೆ ಹೊಡೆಯಬಾರದು, ರಾತ್ರಿ ಮಿಕ್ಸಿ ಹಾಕಬಾರದು, ಪಕ್ಕದ ಮನೆಯ ಅಶ್ವತ್ಥಪ್ಪನ ಜೊತೆ ಮಾತಾಡಬಾರದು. ಅಶ್ವತ್ಥಪ್ಪ ಯಲ್ಲಮ್ಮನ ಗಂಡನ ದಾಯಾದಿ. ಎರಡು ಮನೆಗಳ ನಡುವಿನ ಗೋಡೆ ಯಾರದ್ದು ಎಂಬ ಜಗಳಕ್ಕೆ ಆ ಗೋಡೆಗಿಂತ ಹೆಚ್ಚು ವಯಸ್ಸಾಗಿತ್ತು. ಆದರೆ ಮಗಳ ಶಾಲೆ ಬೀದಿಯ ತುದಿಯಲ್ಲೇ ಇತ್ತು, ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಇಂಥ ಮನೆ ಬಿಟ್ಟರೆ ಇನ್ನೊಂದು ಸಿಗುವುದಿಲ್ಲವೆಂದು ಹೆಂಡತಿ ನಂದಿತಾ ದಿನಕ್ಕೊಮ್ಮೆಯಾದರೂ ನೆನಪಿಸುತ್ತಿದ್ದಳು.

ನಂದಿತಾ ಸಾರಿನ ಪುಡಿ ಮಾಡಿ ವಾಟ್ಸಾಪ್ ಗುಂಪಿನಲ್ಲಿ ಮಾರುತ್ತಿದ್ದಳು. ತಾರಸಿಯಲ್ಲಿ ಒಣಗಲು ಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯ ಫೋಟೋ ಬೇಕಾಗಿತ್ತು, ಅದಕ್ಕೇ ಈ ಕ್ಯಾಮೆರಾ. ಕಣ್ಣಿಗೆ ಹಿಡಿದಾಗಲೆಲ್ಲ ರಬ್ಬರು ಕಳಚಿ ವೇಣುವಿನ ಕಾಲ ಬಳಿ ಬೀಳುತ್ತಿತ್ತು. ಮನೆಯಲ್ಲಿ ಟೇಪು ಸಿಗಲಿಲ್ಲ. ನಂದಿತಾಳ ಬಾಚಣಿಗೆ ಡಬ್ಬಿಯಲ್ಲಿದ್ದ ಕೆಂಪು ಉಲ್ಲನ್ ದಾರ ತಂದು, ಅದರಲ್ಲಿ ಸಿಕ್ಕಿಕೊಂಡಿದ್ದ ಅವಳ ಕೂದಲ ಸಮೇತ ಸುತ್ತಿ ಗಂಟು ಹಾಕಿದ. ನೋಡಲು ಚೆನ್ನಾಗಿರಲಿಲ್ಲ, ಆದರೆ ಹಿಡಿದುಕೊಂಡಿತು. ಒಳ್ಳೆಯ ಕೋನ ಹುಡುಕುತ್ತ ಅವನು ತಾರಸಿಯ ಕಟ್ಟೆಯಾಚೆ ಬಗ್ಗುವವರೆಗೂ ಹಿಡಿದುಕೊಂಡಿತ್ತು.

ರಬ್ಬರು ಜಾರಿತು. ಹಿಡಿಯಲು ಹೋದವನ ಮೊಣಕೈ ಕಟ್ಟೆಯ ಮೇಲಿಟ್ಟಿದ್ದ ಮೊರಕ್ಕೆ ತಗುಲಿ, ಒಂದು ಹಿಡಿ ಮೆಣಸಿನಕಾಯಿಯೂ ಅದರ ಹಿಂದೆಯೇ ಹೊರಟಿತು.

ಅಂದು ಅಮಾವಾಸ್ಯೆ. ಕೆಳಗೆ ಯಲ್ಲಮ್ಮ ಆಗತಾನೇ ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಇಟ್ಟು, ಹೂ ತರಲು ಒಳಗೆ ಹೋಗಿದ್ದಳು. ಹೊರಗೆ ಬಂದು ನೋಡಿದರೆ ಬಾಗಿಲ ಮುಂದೆ ಒಂದು ಕಪ್ಪು ಕಣ್ಣು. ಕಣ್ಣಿಗೆ ಸುತ್ತಿದ ಕೆಂಪು ದಾರ. ದಾರದಲ್ಲಿ ಉದ್ದನೆಯ ಕೂದಲು. ಸುತ್ತಲೂ ಮೆಣಸಿನಕಾಯಿ.

“ಅಯ್ಯಯ್ಯೋ! ಮಾಟ ಮಾಡ್ಸವ್ರೆ ಕಣ್ರಪ್ಪೋ!”

ವೇಣು ಇಳಿದು ಬರುವಷ್ಟರಲ್ಲಿ ಅರ್ಧ ಬೀದಿ ಸೇರಿತ್ತು. ಯಲ್ಲಮ್ಮ ಗೋಡೆಯ ಕಡೆ ತಿರುಗಿ ಸೆರಗು ಬಿಗಿದಿದ್ದಳು. “ಏಯ್ ಅಶ್ವತ್ಥಪ್ಪಾ, ಈಚೆಗ್ ಬಾರೋ! ಗೋಡೆ ಸಿಗ್ಲಿಲ್ಲಾಂತ ಇಂಗ್ ಮಾಡ್ಸಿದ್ಯೇನೋ?”

ಅಶ್ವತ್ಥಪ್ಪ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಇಣುಕಿದ. “ನಿಂಗ್ಯಾಕಮ್ಮಾ ಮಾಡಿಸ್ಲಿ? ನಿಂಗ್ ಯಾವ ಮಾಟ ತಾಗ್ತದೆ? ನೀನೇ ಆಕ್ಕಂಡು ನನ್ ಮೇಲ್ ಏಳ್ತಿದ್ದೀಯೇನೋ!” ಎಂದ. ಆದರೂ ತನ್ನ ಹೊಸ್ತಿಲನ್ನು ಎರಡು ಸಲ ನೋಡಿಕೊಂಡ.

ಯಲ್ಲಮ್ಮನ ಕಣ್ಣು ವೇಣುವಿನ ಮೇಲೆ ಬಿತ್ತು. “ಸಾರ್, ನೀವು ಓದಿರೋರು. ಏಳಿ, ಏನಿದು?”

“ವಾಷರ್ ಇರ್ಬೇಕು ಆಂಟಿ. ನಾನು ಎತ್ತಿ ಬಿಸಾಕ್ತೀನಿ ಬಿಡಿ.”

“ವಾಷರ್‌ಗೆ ಯಾರಾದ್ರೂ ಕೂದ್ಲು ಕಟ್ತಾರಾ? ಮುಟ್ಟೀರಾ, ಜ್ವಾಕೆ! ಇದ್ಯಾರ್ ಕೆಲ್ಸ ಅಂತ ಗೊತ್ತಾಗ್ಲಿ, ಅವ್ರ ಪಾತ್ರೆ ಪಡಗ ಎಲ್ಲಾ ಬೀದಿಗ್ ಎಸೀತೀನಿ.”

ಬೀದಿಯಲ್ಲಿ ಉರುಳುತ್ತಿರುವ ತನ್ನ ಮನೆಯ ಕುಕ್ಕರು ವೇಣುವಿನ ಕಣ್ಣಿಗೆ ಕಟ್ಟಿತು. ಬಾಯಿಗೆ ಬಂದಿದ್ದ ಸತ್ಯವನ್ನು ಉಗುಳಿನ ಜೊತೆ ನುಂಗಿದ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪಾಷಾ. ಕಟ್ ಮಾಡಿದ.

ದೃಷ್ಟಿ ತೆಗೆಯುವ ಚಿಕ್ಕಹನುಮಯ್ಯನಿಗೆ ಹೇಳಿಕಳಿಸಿ, ಯಲ್ಲಮ್ಮ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕಾವಲು ಕೂತಳು. ಜನ ಆಚೀಚೆ ಹೋದ ಮೇಲೆ ವೇಣು ತಾರಸಿಗೆ ಓಡಿ, ಬಟ್ಟೆಯ ಹ್ಯಾಂಗರ್ ಬಗ್ಗಿಸಿ ಕೊಕ್ಕೆ ಮಾಡಿ, ದಾರ ಕಟ್ಟಿ ಕೆಳಗೆ ಬಿಟ್ಟ. ಕೆರೆಗೆ ಗಾಳ ಹಾಕಿದವನಂತೆ ಉಸಿರು ಬಿಗಿಹಿಡಿದು ಆಡಿಸಿದ. ಕೊಕ್ಕೆ ಉಲ್ಲನ್ನಿಗೆ ಸಿಕ್ಕಿತು. ಮೆಲ್ಲಗೆ ಎಳೆದ. ತೂಕಡಿಸುತ್ತಿದ್ದ ಯಲ್ಲಮ್ಮನ ಮೂಗಿನ ಮಟ್ಟಕ್ಕೆ ರಬ್ಬರು ಬಂದಾಗ ಫೋನು ಮತ್ತೆ ಬಡಿದುಕೊಂಡಿತು. ಕಟ್ ಮಾಡಲು ಒಂದು ಕೈ ಜೇಬಿಗೆ ಹಾಕಿದ, ದಾರ ಅಲುಗಿತು. ಯಲ್ಲಮ್ಮ ಕಣ್ಣು ಬಿಟ್ಟಳು. ಎದುರಿಗೆ ಇನ್ನೊಂದು ಕಣ್ಣು, ತೂಗಾಡುತ್ತಿತ್ತು.

“ಎದ್ದು ನಿಂತದೆ! ಎದ್ದು ನಿಂತದೆ!” ಎಂದು ಅರಚಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ರಬ್ಬರು ಕಳಚಿ ಬಿತ್ತು. ವೇಣು ಬರೀ ಕೊಕ್ಕೆ ಎಳೆದುಕೊಂಡ. ಆಚೆ ಮನೆಯಿಂದ ಇದನ್ನೆಲ್ಲ ಕನ್ನಡಕವಿಲ್ಲದೆ ನೋಡಿದ ಅಶ್ವತ್ಥಪ್ಪ, ಒಳಗೋಡಿ ನಿಂಬೆಹಣ್ಣು ಹುಡುಕತೊಡಗಿದ.

ವಿದ್ಯಾರಣ್ಯಪುರದಿಂದ ಮೊಪೆಡ್ ಏರಿ ಬಂದ ಚಿಕ್ಕಹನುಮಯ್ಯ ರಬ್ಬರಿನ ಸುತ್ತ ಬೂದಿ ಚೆಲ್ಲಿ, ಕುಕ್ಕರಗಾಲಿನಲ್ಲಿ ಕೂತು ದಿಟ್ಟಿಸಿದ.

“ಇದು ಸಾಮಾನ್ಯದ್ದಲ್ಲ ಕಣವ್ವ. ಮಾಡ್ದೋನು ಇಲ್ಲೇ ನಿಂತವ್ನೆ.”

ಮತ್ತೆ ಬಂದು ನಿಂತಿದ್ದವರೆಲ್ಲ ಪಕ್ಕದವರಿಂದ ಒಂದು ಹೆಜ್ಜೆ ಸರಿದರು. ಚಿಕ್ಕಹನುಮಯ್ಯ ರಬ್ಬರಿನ ಮೇಲೆ ಕರ್ಪೂರ ಇಟ್ಟ. “ಸುಟ್ಟಾಕ್ಬುಡಾನ.”

ಕಡ್ಡಿ ಗೀರಿದ. ವೇಣುವಿನ ಜೇಬಿನಲ್ಲಿ ಪಾಷಾ ಮೂರನೇ ಸಲ ಬಡಿದುಕೊಂಡ.

“ಸುಡ್ಬೇಡಿ! ಅದು ನಂದು!”

ಬೀದಿಯೆಲ್ಲ ಅವನತ್ತ ತಿರುಗಿತು. ದೂರದ ತರಕಾರಿ ಗಾಡಿಯ ಮೈಕು ಮಾತ್ರ ಈರುಳ್ಳಿ, ಈರುಳ್ಳಿ ಎನ್ನುತ್ತಿತ್ತು. ವೇಣು ಓಡಿಹೋಗಿ ಕ್ಯಾಮೆರಾ ತಂದು, ರಬ್ಬರು ಕೂರಿಸಿ ತೋರಿಸಿದ. “ನೋಡಿ, ಕ್ಯಾಮೆರಾದ್ದು. ಅಷ್ಟೇ. ಬಿದ್ದುಹೋಗ್ತಿತ್ತು, ಅದಕ್ಕೆ ಕಟ್ಟಿದ್ದೆ.”

“ಆ ಕೂದ್ಲು?” ಎಂದಳು ಯಲ್ಲಮ್ಮ.

“ನನ್ನ ಹೆಂಡ್ತಿದು.”

ಮೆಟ್ಟಿಲ ಮೇಲಿದ್ದ ನಂದಿತಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನನ್ ಕೂದ್ಲು ಯಾಕ್ರೀ ಬೇಕಾಗಿತ್ತು ನಿಮ್ಗೆ?”

ಜನ ಚದುರಿದರು. ಚಿಕ್ಕಹನುಮಯ್ಯ ಚೀಲ ಹೆಗಲಿಗೇರಿಸಿ, ವೇಣುವಿನ ಕಿವಿಯ ಹತ್ತಿರ ಬಂದು ಗೌರವದಿಂದ ಕೇಳಿದ. “ಸಾರ್, ನಿಮ್ ಗುರುಗಳು ಯಾರು?”

ಯಲ್ಲಮ್ಮ “ಸಂಜೆ ಮಾತಾಡ್ತೀನಿ” ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.

ಯಲಹಂಕದ ಸ್ಟುಡಿಯೋದಲ್ಲಿ ಪಾಷಾ ಕ್ಯಾಮೆರಾ ತೆಗೆದುಕೊಂಡವನೇ ಹಳೆಯ ರಬ್ಬರು ಕಿತ್ತು, ಜೇಬಿನಿಂದ ಹೊಸದೊಂದನ್ನು ತೆಗೆದು ಹಾಕಿದ. “ಬೆಳಿಗ್ಗೆಯಿಂದ ಯಾಕ್ ಫೋನ್ ಮಾಡ್ತಿದ್ದೆ ಅಂದ್ಕೊಂಡೆ? ಹೊಸಾದು ಬಂತು, ಹಳೇದು ಬಿದ್ರೆ ಬಿಟ್ಬಿಡು ಅನ್ನೋಕೆ.” ಆಮೇಲೆ ದಾರ, ಕೂದಲು, ಬೂದಿ ನೋಡಿ ಮುಖ ಹಿಂದೆಳೆದುಕೊಂಡ. “ಲೇ, ಏನ್ ಮಾಡಿದೀಯೋ ಇದಕ್ಕೆ? ನನ್ ಅಂಗಡೀಲಿ ಬೇಡಪ್ಪಾ, ತಗೊಂಡ್ ಹೋಗು.” ಎರಡು ಬೆರಳಲ್ಲಿ ಹಿಡಿದು ಅದನ್ನು ವೇಣುವಿನ ಜೇಬಿಗೆ ಹಾಕಿದ.

ಸಂಜೆ ವೇಣು ಮನೆ ಸೇರಿದಾಗ ನಂದಿತಾ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ಮೂಟೆ ಕಟ್ಟುತ್ತಿದ್ದಳು. ಹಿಂದೆಯೇ ಯಲ್ಲಮ್ಮ ಬಂದು ಚಿಲಕ ಹಾಕಿದಳು.

“ಆಂಟಿ, ಒಂದು ತಿಂಗಳು ಟೈಮ್ ಕೊಡಿ...”

“ಖಾಲಿ ಮಾಡಿ ಅಂದೋರ್ ಯಾರು ಸಾರ್?” ಅವಳ ದನಿ ಇಷ್ಟು ಮೆತ್ತಗಿದ್ದುದನ್ನು ಅವನು ಎಂದೂ ಕೇಳಿರಲಿಲ್ಲ. ಸೆರಗಿನಡಿಯಿಂದ ಒಬ್ಬಟ್ಟಿನ ಡಬ್ಬಿ ಹೊರಬಂತು. “ನಮ್ಮನೇಲೇ ಇದ್ರೂ ಇಷ್ಟ್ ದಿನ ಗೊತ್ತಾಗ್ಲಿಲ್ಲ ನೋಡಿ. ನನ್ ಬಾಗ್ಲಿಗ್ ಆಕಿದ್ರಲ್ಲ, ಅಂಥದ್ದೇ ಒಂದು ಆ ಅಶ್ವತ್ಥಪ್ಪನ್ ಬಾಗ್ಲಿಗ್ ಆಕ್ಬುಡಿ.”

“ದೇವ್ರಾಣೆ ನಂಗೇನೂ ಬರಲ್ಲ ಆಂಟಿ!”

ಡಬ್ಬಿ ಸೆರಗಿನಡಿಗೆ ಹಿಂದಿರುಗಿತು. “ಓ, ನಂಗ್ ಮಾಡಾಕ್ ಮಾತ್ರ ಬರ್ತದೆ. ಅಂಗಾದ್ರೆ ನಾಳೇನೇ ಮನೆ ಖಾಲಿ ಮಾಡಿ.”

ವೇಣು ನಂದಿತಾಳನ್ನು ನೋಡಿದ. ನಂದಿತಾ ಪಾತ್ರೆಯ ಮೂಟೆ ನೋಡಿದಳು. ಅವನ ತಲೆ ತಾನಾಗಿ ಆಡಿತು. ಯಲ್ಲಮ್ಮ ಡಬ್ಬಿ ಇಟ್ಟು, ನಗುತ್ತ ಮೆಟ್ಟಿಲಿಳಿದಳು.

ಅವಳು ಹೋದದ್ದೇ ತಡ, ಅಡುಗೆಮನೆಯ ಕಿಟಕಿಯಾಚೆ ಗೋಡೆಗೆ ಏಣಿ ತಾಗಿದ ಸದ್ದಾಯಿತು. ಅಶ್ವತ್ಥಪ್ಪನ ತಲೆ ಮೇಲೆದ್ದಿತು.

“ಶ್... ಸಾರ್. ಆಯಮ್ಮ ಯಾಕ್ ಬಂದಿದ್ಲು ಅಂತ ಗೊತ್ತು ನಂಗೆ. ಮೊದ್ಲು ನಂದೊಂದು ಮಾಡ್ಕೊಡಿ. ಇಲ್ಲಾಂದ್ರೆ ಮಾಟ ಮಾಡ್ತಾರೆ ಅಂತ ಸ್ಟೇಷನ್‌ಗೆ ಬರ್ದು ಕೊಟ್ಬುಡ್ತೀನಿ.”

ವೇಣು ಅದಕ್ಕೂ ತಲೆಯಾಡಿಸಿದ. ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಒಂದೇ ಒಂದು. ಫೋನ್ ತೆಗೆದು ಪಾಷಾಗೆ ಹಚ್ಚಿದ.

“ಮಗಾ, ಹಳೇ ರಬ್ಬರ್ ಇನ್ನೊಂದು ಇದ್ಯಾ?”