ಕಸದ ತೊಟ್ಟಿಯ ಶಾಸನ

ನನ್ನ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಹನ್ನೆರಡನೇ ಶತಮಾನ ಬಿಟ್ಟು ಹೊರಗೆ ಬಂದವರೇ ಅಲ್ಲ! ಲಾಸ್ ಏಂಜಲೀಸಿನ ಅಂಚಿಗೆ, ಪೋರ್ಟರ್ ರ್ಯಾಂಚಿನ ಗುಡ್ಡದ ಮೇಲೆ ಮನೆಯಿತ್ತು, ಟೆಲಿಕಾಂ ಎಂಜಿನಿಯರ್ ಆಗಿ ರಿಟೈರ್ ಆಗಿದ್ದರು ಎಂಬುದೆಲ್ಲ ಮೇಲುನೋಟದ ಮಾತು. ಒಳಗೆ ಅವರು ಯಾವುದೋ ರಾಜನ ಆಸ್ಥಾನದಲ್ಲಿ ಶಾಸನ ಬರೆಯುವ ಕೆಲಸದಲ್ಲಿದ್ದರು.

ಕಸದ ತೊಟ್ಟಿಯ ಪ್ರಕರಣವನ್ನೇ ನೋಡಿ. ಪಕ್ಕದ ಮನೆಯಲ್ಲಿದ್ದ ನಿವೃತ್ತ ಫೈರ್‌ಮನ್ ಪ್ರತಿ ವಾರ ತನ್ನ ತೊಟ್ಟಿಯನ್ನು ಒಂದಡಿ ಇವರ ಕಡೆಗೆ ಸರಿಸಿ ಇಡುತ್ತಿದ್ದ. ಬೇರೆಯವರಾಗಿದ್ದರೆ ಹೋಗಿ ಮಾತಾಡುತ್ತಿದ್ದರು. ಭಾವ ಗರಾಜಿನ ಪಕ್ಕ ಒಂದು ಹಲಗೆ ನೆಟ್ಟು, ಮಾರ್ಕರ್ ಪೆನ್ನಿನಲ್ಲಿ, ಕನ್ನಡದಲ್ಲಿ, ಶಾಸನ ಬರೆದರು. ಮೂಡಲಿಗೆ ನಿಂಬೆ ಗಿಡ, ಪಡುವಲಿಗೆ ಮೇಲ್‌ಬಾಕ್ಸ್. ಈ ಎಲ್ಲೆ ಸೂರ್ಯಚಂದ್ರರಿರುವವರೆಗೆ ನಡೆಯಲಿ. ಮೀರಿದವನಿಗೆ ಗಂಗೆಯ ತಡಿಯಲ್ಲಿ ಸಾವಿರ ಹಸು ಕೊಂದ ಪಾಪ. ಹಳೆಯ ಶಾಸನಗಳು ಹೀಗೇ ಶಾಪದಲ್ಲಿ ಮುಗಿಯುತ್ತವಂತೆ.

"ಅಣ್ಣಾ, ಗಂಗೆ ಎಲ್ಲಿ, ಪೋರ್ಟರ್ ರ್ಯಾಂಚ್ ಎಲ್ಲಿ? ಈ ಪಾಪ ಇಲ್ಲಿ ಅಪ್ಲೈ ಆಗತ್ತಾ?" ಎಂದಳು ನನ್ನ ಹೆಂಡತಿ.

"ಎಲ್.ಎ. ನದಿ ಅಂತ ಹಾಕಿದ್ರೆ ಆಯ್ತು."

"ಅದ್ರಲ್ಲಿ ನೀರೇ ಇರಲ್ವಲ್ಲ."

"ಶಾಪಕ್ಕೆ ದಡ ಸಾಕು ಕಣೇ."

ಕನ್ನಡ ಬಾರದವನಿಗೆ ಕನ್ನಡದ ಶಾಪ ತಟ್ಟುವುದು ಹೇಗೆ? ಆದರೂ ಮರುವಾರ ತೊಟ್ಟಿ ಹಿಂದೆ ಸರಿಯಿತು. ಭಾವ ಅದನ್ನು ದಿಗ್ವಿಜಯ ಎಂದೇ ಕರೆದರು. ಬಿಸಿಲಿಗೆ ಅಕ್ಷರ ಮಾಸಿದಾಗಲೆಲ್ಲ ಹೋಗಿ ಮತ್ತೆ ತಿದ್ದುತ್ತಿದ್ದರು.

ಬಡಾವಣೆಯ ಸಂಘದ ಚುನಾವಣೆಗೆ ನಿಂತಾಗ ಅವರು ಹಿಡಿದದ್ದು ಹಳೆಯ ರಾಜನೀತಿಯನ್ನು. ಪಕ್ಕದ ರಾಜ ಶತ್ರು, ಅವನಾಚೆಯ ರಾಜ ಮಿತ್ರ. ಹಾಗಾಗಿ ಫೈರ್‌ಮನ್‌ನ ಆಚೆ ಮನೆಯಾಕೆಗೆ ಆರು ತಿಂಗಳು ಕೋಡುಬಳೆ ಸರಬರಾಜಾಯಿತು. ಆಕೆ ಫೈರ್‌ಮನ್‌ನ ಸ್ವಂತ ತಂಗಿ ಎಂದು ತಿಳಿದದ್ದು ಸೋತ ಮೇಲೆ!

ಇನ್ನು ನನ್ನ ವಿಷಯ. ನಾನು ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಮೂವತ್ತು ವರ್ಷ ಪರರ ವಾಕ್ಯಗಳಿಗೆ ಆಧಾರ ಕೇಳಿದವನು. ಈಗ ಕಾರ್ಮೆಲ್ ವ್ಯಾಲಿಯಲ್ಲಿ ಭಾನುವಾರದ ಕನ್ನಡ ತರಗತಿ ನೋಡಿಕೊಳ್ಳುತ್ತೇನೆ. ಕೋವಿಡ್ ಕಳೆದು ತರಗತಿ ಮತ್ತೆ ಶುರುವಾದಾಗ ಭಾವ ತಿಂಗಳಿಗೊಮ್ಮೆ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದು ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಬೇರೆ ಹೊತ್ತಿನಲ್ಲಿ ಇಂಗ್ಲಿಷ್ ಬಿಟ್ಟು ಬಾಯಿ ತೆರೆಯದ ಮಕ್ಕಳು ಅವರಿಗೆ ಮಾತ್ರ "ಆಮೇಲೆ?" ಎನ್ನುತ್ತಿದ್ದವು.

ಒಂದು ಭಾನುವಾರ ಅವರು ನಾಯಿಯ ಕಥೆ ತೆಗೆದರು. ಸಾವಿರ ವರ್ಷದ ಹಿಂದೆ ಒಬ್ಬ ದೊರೆ ತನ್ನ ಬಂಟನಿಗೆ ಏನು ಬೇಕೋ ಕೇಳು ಎಂದನಂತೆ. ಬಂಟ ದೊರೆಯ ನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಗೆ ವೀರಗಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು.

ನಾನು ಹಿಂದಿನ ಸಾಲಿನಿಂದ ಎದ್ದೆ. "ಮಕ್ಕಳೇ, ಇದು ಜನಪದ ಕಥೆ, ಇತಿಹಾಸ ಅಲ್ಲ. ಭಾವ, ಇದಕ್ಕೆ ಆಧಾರ ಏನು?"

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. "ರಾಯರು ಪೇಪರಿನವರು. ಅವರು ಹೇಳಿದ್ದೇ ಸರಿ ಇರ್ಬೇಕು," ಎಂದು ಕುಳಿತರು.

ಮುಂದಿನ ತಿಂಗಳು ಬೆನ್ನುನೋವು ಎಂದರು. ಅದರ ಮುಂದಿನ ತಿಂಗಳು ಟ್ರಾಫಿಕ್. ಆಮೇಲೆ ನಾನೂ ಕರೆಯಲಿಲ್ಲ.

ಆ ಚಳಿಗಾಲದಲ್ಲಿ ಬೆಂಗಳೂರಿಗೆ ಹೋಗಿದ್ದೆ. ನಾನು ಮೂವತ್ತು ವರ್ಷ ಬಸ್ಸಿಗೆ ಕಾದ ನಿಲ್ದಾಣದ ಹತ್ತಿರವೇ ಒಂದು ವಸ್ತುಸಂಗ್ರಹಾಲಯವಿದೆ. ಒಮ್ಮೆಯೂ ಒಳಗೆ ಕಾಲಿಟ್ಟವನಲ್ಲ. ಅಂದು ಹೋದೆ. ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆ ಬಿದ್ದು ಕಾದಾಡುತ್ತಿತ್ತು, ಸುತ್ತ ಹಳಗನ್ನಡದ ಅಕ್ಷರ. ಭಾವ ಹೇಳಿದ ಒಂದೊಂದು ಮಾತೂ ಪಕ್ಕದ ವಿವರಣೆಯ ಫಲಕದಲ್ಲಿತ್ತು.

ಫೋಟೊ ತೆಗೆದೆ, ಕಳಿಸಲಿಲ್ಲ. ತಪ್ಪು ಯಾವ ಪುಟದಲ್ಲಿ ಬಂತೋ ತಿದ್ದುಪಡಿಯೂ ಅದೇ ಪುಟದಲ್ಲಿ ಬರಬೇಕು ಎಂಬುದು ಡೆಸ್ಕಿನ ಶಿಸ್ತು. ಅದೇ ಮಕ್ಕಳ ಎದುರು, ಭಾವನನ್ನು ಕೂರಿಸಿಯೇ ಹೇಳೋಣ ಎಂದುಕೊಂಡೆ. ಪರೀಕ್ಷೆ ಮುಗಿಯಲಿ, ಬೇಸಿಗೆ ರಜೆ ಕಳೆಯಲಿ ಎಂದು ಕಾದೆ. ತರಗತಿ ತೆರೆಯಲು ಎರಡು ವಾರವಿದ್ದಾಗ ಭಾವ ಹೃದಯಾಘಾತದಿಂದ ಹೋಗಿಬಿಟ್ಟರು.

ಕರ್ಮಗಳೆಲ್ಲ ಮುಗಿದ ಮೇಲೆ ಗರಾಜಿನ ಪಕ್ಕ ಹೋಗಿ ನಿಂತೆ. ಹಲಗೆಯ ಅಕ್ಷರಗಳು ಹೊಸದಾಗಿ ಹೊಳೆಯುತ್ತಿದ್ದವು. ಆದರೆ ಕೈಬರಹ ಭಾವನದಲ್ಲ. ಚಿತ್ರ ನೋಡಿ ಚಿತ್ರ ಬರೆದ ಹಾಗಿತ್ತು.

ಫೈರ್‌ಮನ್ ಬೇಲಿಯ ಆಚೆಯಿಂದ ಬಂದ. ಅಕ್ಷರ ಮಾಸುತ್ತಿತ್ತು, ನಿಮ್ಮವರು ಇನ್ನು ಬರುವುದಿಲ್ಲವಲ್ಲ, ಅದಕ್ಕೇ ನಾನೇ ತಿದ್ದಿದೆ ಎಂದ. ಸೂರ್ಯಚಂದ್ರರಿರುವವರೆಗೆ ಎರಡೂ ಮನೆಯವರು ಚೆನ್ನಾಗಿರಲಿ ಎಂದು ಬರೆದಿದೆ ಅಂತ ಭಾವನೇ ಅವನಿಗೆ ಹೇಳಿದ್ದರಂತೆ. ಅದು ಸರಿಯೇ ಎಂದು ಕೇಳಿದ.

ನಾನು ಹಲಗೆಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಸಾವಿರ ಹಸುಗಳೂ ಸ್ವಸ್ಥಾನದಲ್ಲಿದ್ದವು.

"ಸರಿ," ಎಂದೆ. "ಅದೇ ಬರೆದಿದೆ."

ಆಧಾರ ಕೇಳದೆ ನಾನು ದಾಟಿಸಿದ ವಾಕ್ಯ ಅದೊಂದೇ. ಆ ಭಾನುವಾರ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದರೆ ಎರಡಾಗುತ್ತಿತ್ತು.